ರಜೆ ಪಡೆಯುವುದು, ರಜೆ ಕೊಡುವುದು

ನಾವು ದಿನನಿತ್ಯ ಬಳಸುವ 'ರಜೆ' ಎಂಬ ಪದ ಮೂಲತಃ ಅರಬ್ಬಿ ಭಾಷೆಯದು. ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೂ ಶಾಲೆಗಳಿಗೂ ಬಂದು ಕನ್ನಡದ್ದೇ ಆಗಿಬಿಟ್ಟಿರುವ ಈ ಪದದ ಮೊದಲ ಅರ್ಥ ಒಪ್ಪಿಗೆ, ಸಮ್ಮತಿ. ಅಂದರೆ ರಜೆಯೆಂಬುದು ನಾವಾಗಿಯೇ ತೆಗೆದುಕೊಳ್ಳುವ ವಸ್ತುವಲ್ಲ. ಇನ್ನೊಬ್ಬರು ಒಪ್ಪಿ ಕೊಡಬೇಕಾದದ್ದು. ಅಧಿಕಾರಿಯು ನೌಕರನಿಗೆ, ಗುರುಗಳು ಶಿಷ್ಯನಿಗೆ, ಯಜಮಾನನು ಆಳಿಗೆ ಕೊಡುವ ಸಮ್ಮತಿಯೇ ರಜೆ. ಪದದ ಈ ಹಳೆಯ ಅರ್ಥವನ್ನು ನಾವು ಮರೆತಿದ್ದೇವೆ. ಇಂದು ನಮಗೆ ರಜೆಯೆಂದರೆ ಸಿಕ್ಕ ನಾಲ್ಕು ದಿನಗಳಲ್ಲಿ ಎಲ್ಲಿಗೆ ಹೋಗಿಬರಬಹುದು ಎಂಬ ಲೆಕ್ಕಾಚಾರ. 'ನನಗೆ ರಜೆ ಸಿಕ್ಕಿತೇ?' ಎಂದು ಎಲ್ಲರೂ ಕೇಳುತ್ತೇವೆ. 'ನನ್ನಿಂದ ಯಾರಿಗಾದರೂ ರಜೆ ಸಿಕ್ಕಿತೇ?' ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಒಂದು ತಲೆಮಾರಿನ ಹಿಂದೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ಪ್ರಯಾಣಗಳೆಂದರೆ ಬೆರಳೆಣಿಕೆಯಷ್ಟು. ಬೇಸಿಗೆಯ ಸೂಟಿಯಲ್ಲಿ ತವರುಮನೆ. ಹರಕೆ ಹೊತ್ತರೆ ವೇಳಾಂಕಣಿ. ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ನಡೆಯುವ ವರ್ಷ ಹಳೆಯ ಗೋವಾ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು, ಜಪಸರ ಹಿಡಿದು, ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬರುತ್ತಿದ್ದರು. ಈಗ ಕಾಲ ಬದಲಾಗಿದೆ. ಮಕ್ಕಳು ಹೊರನಾಡುಗಳಲ್ಲಿ ನೆಲೆಸಿದ್ದಾರೆ. ಊರಿನ ತಂದೆತಾಯಿಯರು ವೀಸಾ ಪಡೆದು ಅವರನ್ನು ಕಾಣಲು ಹೋಗುತ್ತಾರೆ. ಅಲ್ಲಿ ಮಗನ ಕಾರಿನಲ್ಲಿ ಕುಳಿತು ನೂರಾರು ಕಿಲೋಮೀಟರು ಸುತ್ತಿ, ತಾವು ಕನಸಿನಲ್ಲಿಯೂ ನೆನೆಯದಿದ್ದ ಸ್ಥಳಗಳನ್ನು ನೋಡಿ ಬರುತ್ತಾರೆ. ಇದು ದೇವರ ದಯೆ. ಇದಕ್ಕೆ ಕೃತಜ್ಞತೆ ಸಲ್ಲಿಸಬೇಕೇ ಹೊರತು ಹುಬ್ಬುಗಂಟಿಕ್ಕಬೇಕಾಗಿಲ್ಲ. ಆದರೂ ಇಂತಹ ಪ್ರವಾಸವು ವಿಶ್ವಾಸಿಯ ಮುಂದೆ ಕೆಲವು ಪ್ರಶ್ನೆಗಳನ್ನು ಇಡುತ್ತದೆ.

ಗದಗ-ಬೆಟಗೇರಿಯ ಸಮೀಪದ ಕಳಸಾಪುರದಂತಹ ಊರಿನಲ್ಲಿ ನಿಂತು ನೋಡಿದರೆ ಆ ಪ್ರಶ್ನೆಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಇದು ಮಳೆಯನ್ನೇ ನೆಚ್ಚಿದ ಸೀಮೆ. ಮಳೆ ಒಲಿದರೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಹಿಂಗಾರಿಗೆ ಜೋಳ, ಕಡಲೆ. ಮಳೆ ಮುನಿದರೆ 'ಗುಳೆ'. ಗದಗ ಜಿಲ್ಲೆಯ ಎಷ್ಟೋ ಹಳ್ಳಿ, ತಾಂಡಾಗಳಿಂದ ಕೂಲಿಕಾರ ಕುಟುಂಬಗಳು ಗಂಟುಮೂಟೆ ಕಟ್ಟಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಊರು ಬಿಟ್ಟು ಕುಟುಂಬಸಮೇತ ಹೊರಡುವುದಕ್ಕೆ ನಮ್ಮ ಭಾಷೆಯಲ್ಲಿ ಹಲವು ಹೆಸರುಗಳಿವೆ. ಸಂತೋಷಕ್ಕಾಗಿ ಹೊರಟರೆ ಪ್ರವಾಸ, ಭಕ್ತಿಯಿಂದ ಹೊರಟರೆ ಯಾತ್ರೆ, ಹೊಟ್ಟೆಗಾಗಿ ಹೊರಟರೆ ಗುಳೆ. ರಸ್ತೆ ಒಂದೇ, ಕೆಲವೊಮ್ಮೆ ಬಸ್ಸೂ ಒಂದೇ. ಒಬ್ಬರು ವಿಶ್ರಾಂತಿಯನ್ನು ಅರಸಿ ಹೋಗುವ ಕಡಲತೀರಕ್ಕೆ ಇನ್ನೊಬ್ಬರು ಕಲ್ಲು, ಮರಳು ಹೊರಲು ಹೋಗುತ್ತಾರೆ. ಒಬ್ಬರ ಪ್ರವಾಸ ಇನ್ನೊಬ್ಬರ ಗುಳೆಯ ಮೇಲೆ ನಿಂತಿದೆ. ಇದರಲ್ಲಿ ನಮ್ಮ ಹೊಣೆ ಏನು?

ಉದಾಹರಣೆಗಾಗಿ ಕಳಸಾಪುರದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಇದು ಯಾವುದೇ ನಿಜವಾದ ಮನೆಯ ಕಥೆಯಲ್ಲ. ಆದರೆ ಇಂತಹ ಮನೆಗಳು ನಮಗೆ ಅಪರಿಚಿತವೂ ಅಲ್ಲ. ಮಗನಿಗೆ ಒಮಾನ್ ದೇಶದ ರಾಜಧಾನಿ ಮಸ್ಕತ್ತಿನಲ್ಲಿ ಕೆಲಸ. ಅಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳು. ಊರಿನಿಂದ ಅಪ್ಪ ಅವ್ವ ಬಂದಿದ್ದಾರೆ. ಜುಲೈ ತಿಂಗಳು, ಮಸ್ಕತ್ತಿನಲ್ಲಿ 40 ಡಿಗ್ರಿ ದಾಟಿದ ಸುಡುಬಿಸಿಲು. 'ಅವ್ವಾ, ನಿನಗ ಮಳಿ ತೋರಸ್ತೀನಿ ಬಾ' ಎಂದು ಮಗ ಎಲ್ಲರನ್ನೂ ಕಾರಿನಲ್ಲಿ ಕೂಡಿಸಿಕೊಂಡು ದಕ್ಷಿಣದ ಸಲಾಲಾ ನಗರಕ್ಕೆ ಹೊರಡುತ್ತಾನೆ.

ಒಮಾನಿನಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಿಗೆ ಇದು ಚಿರಪರಿಚಿತ ಪ್ರಯಾಣ. ಮಸ್ಕತ್ತಿನಿಂದ ಸಲಾಲಾಕ್ಕೆ ಸುಮಾರು 1000 ಕಿಲೋಮೀಟರು. ನಿಜ್ವಾ, ಆದಮ್ ಪಟ್ಟಣಗಳನ್ನು ದಾಟಿದರೆ ಮುಂದೆ ಹೈಮಾ, ತುಮ್ರೈತ್‌ಗಳವರೆಗೆ ಬಟಾಬಯಲು ಮರುಭೂಮಿ. ಗಂಟೆಗಟ್ಟಲೆ ಒಂದು ಮರವೂ ಕಾಣದ ನೆಲ; ಆಗೊಮ್ಮೆ ಈಗೊಮ್ಮೆ ರಸ್ತೆಗೆ ಅಡ್ಡಬರುವ ಒಂಟೆಗಳು. ತುಮ್ರೈತ್ ಕಳೆದು ಧೋಫಾರಿನ ಬೆಟ್ಟಗಳನ್ನು ಇಳಿಯತೊಡಗಿದರೆ ಲೋಕವೇ ಬದಲಾಗುತ್ತದೆ. ಮಂಜು, ತುಂತುರು ಮಳೆ, ಹಸಿರು ಹುಲ್ಲು, ಮೇಯುವ ದನಗಳು, ಝರಿಗಳು. ನಮ್ಮ ನಾಡಿಗೆ ಮಳೆ ತರುವ ಅದೇ ನೈಋತ್ಯ ಮಾರುತದ ಅಂಚು ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಆ ಬೆಟ್ಟಗಳನ್ನು ತಾಕುತ್ತದೆ. ಆ ಋತುವನ್ನು ಅಲ್ಲಿಯವರು 'ಖರೀಫ್' ಎನ್ನುತ್ತಾರೆ. ಕೃಷಿ ಇಲಾಖೆಯವರು ಮುಂಗಾರಿನ ಬೆಳೆಗೆ ಹೇಳುವ ಅದೇ ಖರೀಫ್! ಗದಗಿನ ರೈತನೊಬ್ಬ ಪರದೇಶದ ಬೆಟ್ಟದ ಮೇಲೆ ನಿಂತು ತನ್ನೂರಿನ ಮಳೆಯ ಹೆಸರನ್ನು ಕೇಳುವುದು ಎಂತಹ ಸೋಜಿಗ!

ಸೋಜಿಗ ಅಷ್ಟಕ್ಕೇ ಮುಗಿಯುವುದಿಲ್ಲ. ಬೆಟ್ಟಗಳ ಆಚೆ, ತುಮ್ರೈತ್ ರಸ್ತೆಯ ಬಳಿಯ ವಾದಿ ದವ್ಕಾ ಎಂಬಲ್ಲಿ ಧೂಪದ ಮರಗಳ ವನವಿದೆ. 2000ನೇ ಇಸವಿಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 'ಧೂಪದ ನಾಡಿ'ನ ತಾಣಗಳಲ್ಲಿ ಅದೂ ಒಂದು. ಮರದ ತೊಗಟೆಯನ್ನು ಕೆತ್ತಿ ಗಾಯ ಮಾಡಿದರೆ ಹಾಲಿನಂತಹ ಅಂಟು ಒಸರುತ್ತದೆ. ಅದು ಒಣಗಿ ಗಟ್ಟಿಯಾದ ಮೇಲೆ ಕಿತ್ತು ತೆಗೆಯುತ್ತಾರೆ. ಅರಬ್ಬಿಯಲ್ಲಿ ಅದರ ಹೆಸರು ಲುಬಾನ್. ನಮ್ಮ ಮನೆಗಳ 'ಲೋಬಾನ' ಎಂಬ ಮಾತು ಬಂದದ್ದು ಅಲ್ಲಿಂದಲೇ. ಪೂರ್ವದಿಕ್ಕಿನ ಜ್ಞಾನಿಗಳು ಬಾಲಯೇಸುವಿಗೆ ಅರ್ಪಿಸಿದ ಕಾಣಿಕೆಗಳಲ್ಲಿ ಬಂಗಾರ, ರಕ್ತಬೋಳಗಳೊಂದಿಗೆ ಧೂಪವೂ ಇತ್ತು. ನಮ್ಮ ಬಲಿಪೂಜೆಯಲ್ಲಿ ಇಂದಿಗೂ ಧೂಪದ ಹೊಗೆ ಏಳುತ್ತದೆ. ಅದು ಗಾಯಗೊಂಡ ಮರ ಕೊಡುವ ಪರಿಮಳವೆಂದು ಮಕ್ಕಳಿಗೆ ತೋರಿಸಿ ಹೇಳಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಇಂತಹ ಪ್ರವಾಸದ ಬಗ್ಗೆ ಏಳುವ ಮೊದಲ ಪ್ರಶ್ನೆ ಹಣದ್ದು. ಊರಿನಲ್ಲಿ ಜನ ಗುಳೆ ಹೋಗುತ್ತಿರುವಾಗ ಮಳೆ ನೋಡುವುದಕ್ಕೆ ಇಷ್ಟು ಖರ್ಚು ಸರಿಯೇ? ಆ ಹಣವನ್ನು ಬಡವರಿಗೆ ಕೊಡಬಾರದಿತ್ತೇ? ಪ್ರಶ್ನೆ ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಶುಭಸಂದೇಶದಲ್ಲಿ ಇದೇ ಪ್ರಶ್ನೆಯನ್ನು ಕೇಳಿದವನು ಯಾರೆಂಬುದನ್ನು ನೆನೆಯಬೇಕು. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುವಿನ ಪಾದಗಳಿಗೆ ಹಚ್ಚಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಆಕ್ಷೇಪಿಸಿದವನು ಯೂದ. ಪ್ರಭು ಮರಿಯಳ ಪರವಾಗಿ ನಿಂತರು. ಪ್ರೀತಿಗೆ ಕೆಲವೊಮ್ಮೆ ಧಾರಾಳವಾಗುವ ಹಕ್ಕಿದೆ. ಬಿಸಿಲಿನಲ್ಲಿ ಬೆಂದು ತನ್ನನ್ನು ಓದಿಸಿದ ಅವ್ವನಿಗೆ ಮಗನು ಮಳೆಯ ಬೆಟ್ಟವನ್ನು ತೋರಿಸಿದರೆ ಅದು ದುಂದುವೆಚ್ಚವಲ್ಲ. ಅದು ನಾಲ್ಕನೆಯ ದೈವಾಜ್ಞೆಯ ಪಾಲನೆಯೂ ಹೌದು.

ಆದರೆ ಈ ಮಾತಿಗೆ ಒಂದು ಗಡಿಯುಂಟು. ಮರಿಯಳು ಸುರಿದದ್ದು ತನ್ನದನ್ನು, ತಾನು ಪ್ರೀತಿಸಿದವರಿಗಾಗಿ. ಸಾಲ ಮಾಡಿ ಹೋಗುವ ಪ್ರವಾಸ, ನೆರೆಮನೆಯವರು ಹೋದರೆಂದು ಹೋಗುವ ಪ್ರವಾಸ, ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಊರಿನವರ ಹೊಟ್ಟೆ ಉರಿಸಲು ಹೋಗುವ ಪ್ರವಾಸ ಬೇರೆಯೇ ಬಗೆಯವು. ಅಲ್ಲಿ ತೈಲವನ್ನು ಸುರಿಯುವುದು ನಮ್ಮ ಪಾದಗಳಿಗೇ. ಪ್ರವಾಸದ ಮೊದಲ ಆತ್ಮಪರೀಕ್ಷೆ ಇದು: ಈ ಪ್ರಯಾಣ ಯಾರ ಸಂತೋಷಕ್ಕಾಗಿ?

ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು. ಅದಕ್ಕೆ ಸಬ್ಬತ್ ದಿನದ ಆಜ್ಞೆಯನ್ನು ಗಮನವಿಟ್ಟು ಓದಬೇಕು. ಧರ್ಮೋಪದೇಶದ ತರಗತಿಯಲ್ಲಿ ನಾವು ಅದನ್ನು ಸಂಕ್ಷಿಪ್ತವಾಗಿ ಕಲಿತಿದ್ದೇವೆ. ವಿಮೋಚನಾಕಾಂಡದ 20ನೇ ಅಧ್ಯಾಯದಲ್ಲಿ ಅದು ವಿಸ್ತಾರವಾಗಿದೆ. ಅಲ್ಲಿ ದೇವರು 'ನೀನು ವಿಶ್ರಮಿಸು' ಎಂದು ಹೇಳಿ ನಿಲ್ಲಿಸುವುದಿಲ್ಲ. ಮಗ, ಮಗಳು, ಆಳು, ದಾಸಿ, ಕಡೆಗೆ ಸಾಕುಪ್ರಾಣಿಗಳು ಕೂಡ ಅಂದು ದುಡಿಯಬಾರದೆಂದು ಒಂದೊಂದಾಗಿ ಹೆಸರಿಸುತ್ತಾರೆ. ಪಟ್ಟಿಯ ಕೊನೆಯಲ್ಲಿ ಇರುವವನು ಊರಬಾಗಿಲ ಒಳಗೆ ವಾಸಿಸುವ ಪರದೇಶಿ. ಇದು ವಿಶ್ರಮಿಸುವ ಆಜ್ಞೆ ಮಾತ್ರವಲ್ಲ, ವಿಶ್ರಮಿಸಲು ಬಿಡುವ ಆಜ್ಞೆ. ರಜೆಯನ್ನು ಎಲ್ಲರಿಗೂ ದೇವರೇ ಕೊಟ್ಟಿದ್ದಾರೆ. ಅದನ್ನು ತಡೆಹಿಡಿಯುವ ಅಧಿಕಾರ ಯಜಮಾನನಿಗಿಲ್ಲ.

ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಅದೇ ಆಜ್ಞೆ ಮತ್ತೆ ಬರುತ್ತದೆ. ಆದರೆ ಕೊಡುವ ಕಾರಣ ಬೇರೆ. ಮೊದಲನೆಯದರಲ್ಲಿ, ದೇವರು ಆರು ದಿನಗಳಲ್ಲಿ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದರೆಂಬುದು ಕಾರಣ. ಎರಡನೆಯದರಲ್ಲಿ, ನೀನೂ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆಯೆಂಬುದನ್ನು ಮರೆಯಬೇಡ ಎಂಬುದು ಕಾರಣ. ಆಳಿನ ದಣಿವು ನಿನಗೆ ಗೊತ್ತು. ಆದ್ದರಿಂದ ನಿನ್ನ ಆಳೂ ನಿನ್ನಂತೆಯೇ ವಿಶ್ರಮಿಸಲಿ. ಹೊರನಾಡಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಈ ಎರಡನೆಯ ಕಾರಣ ವ್ಯಾಖ್ಯಾನವಿಲ್ಲದೆಯೇ ತಿಳಿಯುತ್ತದೆ. ಪರದೇಶಿಯಾಗಿರುವುದೆಂದರೆ ಏನೆಂದು ಅವರು ಅನುಭವದಿಂದ ಬಲ್ಲರು.

ಈಗ ಈ ಆಜ್ಞೆಯನ್ನು ಹಿಡಿದು ಆ ಕಾರಿನೊಳಗೆ ಇಣುಕೋಣ. ಅಲ್ಲಿ ಯಾರಿಗೆ ರಜೆ ಸಿಕ್ಕಿದೆ? ಮಕ್ಕಳಿಗೆ ಸಿಕ್ಕಿದೆ. ಅಪ್ಪನಿಗೂ ಸಿಕ್ಕಿದೆ. ಆದರೆ ಸೊಸೆಗೆ? ಹೊರಡುವ ಹಿಂದಿನ ರಾತ್ರಿ ಎಲ್ಲರ ಬಟ್ಟೆ ಜೋಡಿಸಿ, ನಸುಕಿನಲ್ಲಿ ಎದ್ದು ಬುತ್ತಿ ಕಟ್ಟಿ, ಮಾವನ ಗುಳಿಗೆ, ಅತ್ತೆಯ ಶಾಲು, ಮಕ್ಕಳ ಹಾಲು ಎಂದು ಪಟ್ಟಿ ಮಾಡಿದವಳು ಆಕೆ. ಸಲಾಲಾದ ವಸತಿಯಲ್ಲಿ ಅಡುಗೆಮನೆಯಿದೆ ಎಂದು ಎಲ್ಲರೂ ಸಂತೋಷಪಟ್ಟರು. ಅಲ್ಲಿ ಒಲೆಯ ಮುಂದೆ ನಿಂತವಳು ಆಕೆಯೇ. ಆಕೆಗೆ ಊರು ಬದಲಾಯಿತು, ಕೆಲಸ ಬದಲಾಗಲಿಲ್ಲ. ನಾಲ್ಕು ದಿನಗಳಲ್ಲಿ ಒಂದು ದಿನವಾದರೂ ಗಂಡನೋ ಮಾವನೋ ಚಹಾ ಮಾಡಿ ಆಕೆಯ ಕೈಗೆ ಕೊಟ್ಟರೆ, ಆ ದಿನ ಆ ಕುಟುಂಬ ಸಬ್ಬತ್ತಿನ ಆಜ್ಞೆಯನ್ನು ಪಾಲಿಸಿತೆಂದು ಹೇಳಬಹುದು.

ಇನ್ನು ಮಗನಿಗೆ? ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಗುರುವಾರ ಸಂಜೆ ಕೆಲಸ ಮುಗಿಸಿ ಬಂದವನು, ಒಂದು ದಿನ ಉಳಿಯುತ್ತದೆಂದು ರಾತ್ರಿಯೇ ಗಾಡಿ ಹೊರಡಿಸುತ್ತಾನೆ. ನಿದ್ದೆಗೆಟ್ಟ ಕಣ್ಣು, ನೇರವಾದ ರಸ್ತೆ, ಕತ್ತಲೆಯಲ್ಲಿ ಕಾಣದ ಒಂಟೆ. ಖರೀಫ್ ಋತುವಿನಲ್ಲಿ ಆ ಹೆದ್ದಾರಿಯ ಅಪಘಾತಗಳಲ್ಲಿ ಇಡೀ ಕುಟುಂಬಗಳೇ ನಾಶವಾದ ದುರಂತಗಳು ಸಂಭವಿಸಿವೆ. 2007ರ ಜೂನ್‌ನಲ್ಲಿ ವಲಸಿಗರ ಹಾಗೂ ಸಂಚಾರಿಗಳ ಸೇವೆಗಾಗಿದ್ದ ಅಂದಿನ ವ್ಯಾಟಿಕನ್ ಸಮಿತಿಯು ರಸ್ತೆಗೆ ಸಂಬಂಧಿಸಿದ ಮಾರ್ಗದರ್ಶಿಯನ್ನು ಪ್ರಕಟಿಸಿ, ವಾಹನ ಚಾಲಕರಿಗಾಗಿ ಹತ್ತು ಆಜ್ಞೆಗಳನ್ನೇ ನೀಡಿತು. ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬುದು. ರಸ್ತೆಯು ಸಾವಿನ ಸಾಧನವಾಗದೆ ಜನರನ್ನು ಬೆಸೆಯುವ ಸಾಧನವಾಗಬೇಕೆಂಬುದು ಎರಡನೆಯದು. ಆಗ ಕೆಲವರು ಇದನ್ನು ಕೇಳಿ ನಕ್ಕರು. ಆದರೆ ಚಕ್ರದ ಹಿಂದೆ ಕುಳಿತವನ ಕೈಯಲ್ಲಿ ಎಷ್ಟು ಜೀವಗಳಿವೆಯೆಂದು ಎಣಿಸಿದವರು ನಗಲಾರರು. ದಣಿದವನು ನಿದ್ದೆ ಮಾಡಿ ಬೆಳಿಗ್ಗೆ ಹೊರಡುವುದು ಹೇಡಿತನವಲ್ಲ, ಧರ್ಮ. 'ಬ್ಯಾಡ ಮಗನ, ಮಲಗು, ಮುಂಜಾನೆದ್ದು ಹೋಗೋಣು' ಎನ್ನುವ ಅವ್ವನ ಮಾತು ಆ ಕ್ಷಣದಲ್ಲಿ ದೇವರ ಮಾತು.

ಕಾರಿನಿಂದ ಹೊರಗೆ ನೋಡೋಣ. ಪೆಟ್ರೋಲ್ ಬಂಕಿನಲ್ಲಿ ಇಂಧನ ತುಂಬುವವನು, ಹೋಟೆಲಿನಲ್ಲಿ ಪರೋಟ ಬಡಿಸುವವನು, ವಸತಿಗೃಹದಲ್ಲಿ ಹಾಸಿಗೆ ಮಡಿಸುವವನು, ರಸ್ತೆಯ ಬದಿ ಮರಳು ಗುಡಿಸುವವನು ಬಹುಪಾಲು ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಬಂದವರು. ಅವರೂ ಮನೆಬಿಟ್ಟು ಬಂದವರು. ಅವರ ಮಕ್ಕಳು ಎಲ್ಲೋ ಒಂದು ಹಳ್ಳಿಯಲ್ಲಿ ಫೋನಿಗಾಗಿ ಕಾದಿರುತ್ತಾರೆ. ಪರದೇಶಿಯ ವಿಶ್ರಾಂತಿಗಾಗಿ ಪರದೇಶಿ ದುಡಿಯುತ್ತಿದ್ದಾನೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಒಮಾನಿನ ಕಾನೂನು ಹೇಳುತ್ತದೆ. ಮೂರು ಗಂಟೆಗಳ ಈ ನೆರಳು ಒಂದು ಸಣ್ಣ ಸಬ್ಬತ್ ಎನ್ನಬಹುದು. ಗದಗಿನ ನಡುಬೇಸಿಗೆಯಲ್ಲಿ ರಸ್ತೆಗೆ ಡಾಂಬರು ಹಾಕುವವರಿಗೆ ನಾವು ಅಷ್ಟು ನೆರಳನ್ನಾದರೂ ಕೊಟ್ಟಿದ್ದೇವೆಯೇ?

ಧರ್ಮಸಭೆಗೆ ಈ ಕಾಳಜಿ ಹೊಸದಲ್ಲ. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕರ ವಿಶ್ರಾಂತಿಯನ್ನು ನ್ಯಾಯದ ಪ್ರಶ್ನೆಯೆಂದೇ ಎತ್ತಿದರು. 2025ರಲ್ಲಿ ಆಯ್ಕೆಯಾದ ಪೋಪರು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ಆ ವಿಶ್ವಪತ್ರವನ್ನೇ ನೆನಪಿಸಿಕೊಂಡರು. ಸಂತ ಎರಡನೆಯ ಜಾನ್ ಪೌಲರು 1998ರಲ್ಲಿ ಪ್ರಭುವಿನ ದಿನವನ್ನು ಕುರಿತು ಬರೆದ ಪತ್ರದಲ್ಲಿಯೂ ಭಾನುವಾರದ ಆರಾಧನೆ ಮತ್ತು ದುಡಿಯುವವರ ವಿಶ್ರಾಂತಿ ಎರಡೂ ಜೊತೆಜೊತೆಯಾಗಿ ಬರುತ್ತವೆ. ದೇವರನ್ನು ಆರಾಧಿಸುವುದೂ ನೆರೆಯವನ ಬೆನ್ನಿನ ಹೊರೆ ಇಳಿಸುವುದೂ ಒಂದೇ ದಿನದ ಎರಡು ಕೆಲಸಗಳು.

'ನಾವು ಹಣ ಕೊಟ್ಟೇ ಸೇವೆ ಪಡೆಯುತ್ತೇವಲ್ಲ ಫಾದರ್? ನಾವು ಪ್ರವಾಸಕ್ಕೆ ಹೋಗದಿದ್ದರೆ ಅವರ ಹೊಟ್ಟೆಪಾಡೇನು?' ಎಂದು ಯಾರಾದರೂ ಕೇಳಬಹುದು. ಮಾತು ನಿಜ. ಪ್ರವಾಸಿಗರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಎಲ್ಲರೂ ಮನೆಯಲ್ಲೇ ಕುಳಿತರೆ ಅವರಿಗೆ ಸಿಗುವುದು ವಿಶ್ರಾಂತಿಯಲ್ಲ, ನಿರುದ್ಯೋಗ. ಆದ್ದರಿಂದ ಉತ್ತರ ಪ್ರವಾಸವನ್ನು ಬಿಡುವುದಲ್ಲ. ಆದರೆ ಹಣವು ಕೆಲಸದ ಬೆಲೆಯನ್ನು ತೀರಿಸುತ್ತದೆ, ಮನುಷ್ಯನ ಬೆಲೆಯನ್ನಲ್ಲ. ಬಿಲ್ಲಿನಲ್ಲಿ ಕಾಣದ ಋಣವೊಂದು ಉಳಿಯುತ್ತದೆ. ಬಡಿಸಿದವನ ಹೆಸರು ಕೇಳುವುದು, ಊರು ವಿಚಾರಿಸುವುದು, ಕೋಣೆಯನ್ನು ಮುಂದಿನವನು ಹೇಸದ ಹಾಗೆ ಬಿಟ್ಟುಬರುವುದು, ಕೈಲಾದಷ್ಟು ಹೆಚ್ಚು ಕೊಡುವುದು, ಮಕ್ಕಳ ಮುಂದೆ ಅವನನ್ನು ಬಹುವಚನದಿಂದ ಕರೆಯುವುದು ಆ ಋಣದ ಸಣ್ಣ ಕಂತುಗಳು. ಮಕ್ಕಳು ಝರಿಯನ್ನು ಮರೆಯಬಹುದು, ಆದರೆ ಅಪ್ಪ ಮಾಣಿಯೊಂದಿಗೆ ಹೇಗೆ ಮಾತನಾಡಿದನೆಂಬುದನ್ನು ಮರೆಯುವುದಿಲ್ಲ.

ಋಣದ ದೊಡ್ಡ ಕಂತು ಇರುವುದು ಪರದೇಶದಲ್ಲಲ್ಲ, ನಾವು ಬೀಗ ಹಾಕಿ ಬಂದ ಮನೆಯಲ್ಲಿ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಭಾಂಡೆ ತಿಕ್ಕಲು, ಕಸ ಗುಡಿಸಲು ಒಬ್ಬ ತಾಯಿ ಬರುತ್ತಾಳೆ. ಕುಟುಂಬವು ಹತ್ತು ದಿನ ಪ್ರವಾಸಕ್ಕೆ ಹೋದರೆ ಆ ಹತ್ತು ದಿನಗಳ ಆಕೆಯ ಪಗಾರ ಏನಾಗುತ್ತದೆ? 'ಕೆಲಸವೇ ಇರಲಿಲ್ಲವಲ್ಲ' ಎಂದು ಹಿಡಿದುಕೊಳ್ಳುವವರಿದ್ದಾರೆ. ಕಚೇರಿಯಲ್ಲಿ ನಮಗೆ ಸಂಬಳಸಹಿತ ರಜೆ ಬೇಕು. ಅದು ನಮ್ಮ ಹಕ್ಕು. ಅದೇ ರಜೆಯಿಂದ ಆಕೆಗೆ ಮಾತ್ರ ಹತ್ತು ದಿನಗಳ ನಷ್ಟ. ನಮ್ಮ ವಿಶ್ರಾಂತಿಯ ಖರ್ಚಿನಲ್ಲಿ ಒಂದು ಭಾಗವನ್ನು ಆಕೆಯ ಮಕ್ಕಳ ತಟ್ಟೆಯಿಂದ ತೆಗೆದಂತಾಯಿತು. ವಿಮೋಚನಾಕಾಂಡದ ಪಟ್ಟಿಯಲ್ಲಿ 'ದಾಸಿ' ಎಂಬ ಪದ ಬಂದಾಗ ನಮಗೆ ಹಳೆಯ ಕಾಲದ ಅರಮನೆ ನೆನಪಾಗುತ್ತದೆ. ಇಂದು ಆ ಪದದ ಜಾಗದಲ್ಲಿ ನಿಂತಿರುವವಳು ಬೆಳಿಗ್ಗೆ ನಮ್ಮ ಹಿತ್ತಲ ಬಾಗಿಲು ತಟ್ಟುವವಳು. ಪ್ರವಾಸದಿಂದ ಆಕೆಗೊಂದು ಪೊಟ್ಟಣ ಖರ್ಜೂರ ತಂದುಕೊಡುವುದು ಒಳ್ಳೆಯದೇ. ಆದರೆ ಖರ್ಜೂರವು ದಯೆ, ಪಗಾರವು ನ್ಯಾಯ. ದಯೆಯನ್ನು ಕೊಟ್ಟು ನ್ಯಾಯವನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ.

ಸಲಾಲಾದ ಮೇಲಿನ ಇತ್ತೀನ್ ಬೆಟ್ಟದ ಮೇಲೆ ನಬಿ ಅಯ್ಯೂಬರ ಸಮಾಧಿಯಿದೆ. ನಬಿ ಅಯ್ಯೂಬರೆಂದರೆ ನಮ್ಮ ಪವಿತ್ರ ಬೈಬಲಿನ ಯೋಬ. ಯೋಬನದೆಂದು ಜನರು ನಂಬುವ ಸಮಾಧಿಗಳು ಬೇರೆ ನಾಡುಗಳಲ್ಲಿಯೂ ಇವೆ. ಯಾವುದು ನಿಜವೆಂಬ ವಾದ ಇಲ್ಲಿ ನಮಗೆ ಬೇಡ. ಪ್ರವಾಸಿಗರು ಚಪ್ಪಲಿ ಕಳಚಿ ಒಳಗೆ ಹೋಗುತ್ತಾರೆ, ಮುಸ್ಲಿಮ್ ಬಾಂಧವರು ಪ್ರಾರ್ಥಿಸುತ್ತಾರೆ, ಹೊರಗೆ ಮಂಜು ತೇಲುತ್ತಿರುತ್ತದೆ. ಯೋಬನೆಂದರೆ ನಮಗೆ ತಾಳ್ಮೆ ಮಾತ್ರ ನೆನಪಾಗುತ್ತದೆ. ಆದರೆ ಅವನ ಗ್ರಂಥದ 31ನೇ ಅಧ್ಯಾಯದಲ್ಲಿ ಅವನು ದೇವರ ಮುಂದೆ ತನ್ನ ಬಾಳಿನ ಲೆಕ್ಕ ಒಪ್ಪಿಸುತ್ತಾನೆ. ಆಳುಗಳು ನನ್ನ ಮೇಲೆ ದೂರು ತಂದಾಗ ಅವರ ನ್ಯಾಯವನ್ನು ನಾನು ತಳ್ಳಿಹಾಕಲಿಲ್ಲ ಎನ್ನುತ್ತಾನೆ. ನನ್ನನ್ನು ಗರ್ಭದಲ್ಲಿ ರೂಪಿಸಿದವನೇ ಅವರನ್ನೂ ರೂಪಿಸಿದನೆಂದು ಕಾರಣ ಕೊಡುತ್ತಾನೆ. ಪರದೇಶಿಯು ಬೀದಿಯಲ್ಲಿ ರಾತ್ರಿ ಕಳೆಯಬೇಕಾಗಲಿಲ್ಲ, ದಾರಿಹೋಕರಿಗೆ ನನ್ನ ಬಾಗಿಲು ತೆರೆದಿತ್ತು ಎಂದೂ ಹೇಳುತ್ತಾನೆ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿ ಉಳಿದಿದ್ದ ಆಸ್ತಿ ಇಷ್ಟು: ಆಳಿಗೆ ಸಲ್ಲಿಸಿದ ನ್ಯಾಯ, ಅಪರಿಚಿತನಿಗೆ ತೆರೆದ ಬಾಗಿಲು. ಸಮಾಧಿಯ ಮುಂದೆ ಚಿತ್ರ ತೆಗೆಸಿಕೊಳ್ಳುವ ಕುಟುಂಬವು ವಸತಿಗೆ ಮರಳಿದ ಮೇಲೆ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ ಪ್ರವಾಸವು ಯಾತ್ರೆಯಾಗುತ್ತದೆ.

ಶುಭಸಂದೇಶದಲ್ಲಿಯೂ ಪವಿತ್ರ ಕುಟುಂಬದ ಎರಡು ಪ್ರಯಾಣಗಳಿವೆ. ಮೊದಲನೆಯದು ಈಜಿಪ್ಟಿಗೆ, ಅದು ಪ್ರವಾಸವಲ್ಲ, ರಾತ್ರೋರಾತ್ರಿ ಜೀವ ಉಳಿಸಿಕೊಳ್ಳಲು ಓಡಿದ್ದು. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1952ರಲ್ಲಿ ಹೊರಡಿಸಿದ ವಲಸಿಗರ ಕುರಿತ ದಾಖಲೆಯು, ಮನೆಬಿಟ್ಟು ಹೋಗುವ ಎಲ್ಲ ಕುಟುಂಬಗಳಿಗೂ ನಜರೇತಿನ ಆ ಕುಟುಂಬವೇ ಮಾದರಿಯೆಂದು ಹೇಳಿತು. ಎಂದ ಮೇಲೆ ಗುಳೆ ಹೊರಟ ಪ್ರತಿಯೊಂದು ಕುಟುಂಬದ ಮುಖದಲ್ಲಿಯೂ ಜೋಸೆಫರ, ಮಾತೆ ಮರಿಯಮ್ಮನವರ ಛಾಯೆಯಿದೆ. ಎರಡನೆಯದು ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋದದ್ದು. ಮರಳುವಾಗ ಹನ್ನೆರಡು ವರ್ಷದ ಬಾಲಯೇಸು ಜೊತೆಯಲ್ಲಿಲ್ಲವೆಂಬುದು ಒಂದು ದಿನದ ದಾರಿ ನಡೆದ ಮೇಲೆ ತಿಳಿಯಿತು. ಗುಂಪಿನಲ್ಲಿ ಎಲ್ಲಿಯೋ ಇರಬಹುದೆಂದು ಅವರು ಭಾವಿಸಿದ್ದರು. ಪವಿತ್ರ ಕುಟುಂಬಕ್ಕೇ ಹೀಗಾದರೆ ನಮ್ಮ ಪಾಡೇನು? ಒಂದೇ ಕಾರಿನಲ್ಲಿ ಆರು ಜನ. ಮಕ್ಕಳ ಕಣ್ಣು ಮೊಬೈಲಿನಲ್ಲಿ, ಅಪ್ಪನ ಕಣ್ಣು ರಸ್ತೆಯಲ್ಲಿ, ಮೊಣಕಾಲು ನೋಯುವ ಅಜ್ಜಿ ಹಿಂದಿನ ಸೀಟಿನ ಮೂಲೆಯಲ್ಲಿ. ಜೊತೆಯಲ್ಲೇ ಇದ್ದಾರೆಂದು ಎಲ್ಲರೂ ಎಲ್ಲರನ್ನೂ ಕುರಿತು ಭಾವಿಸಿರುತ್ತಾರೆ. ಜೋಸೆಫರೂ ಮರಿಯಮ್ಮನವರೂ ಮಾಡಿದ್ದನ್ನೇ ನಾವೂ ಮಾಡಬೇಕು: ನಿಂತು, ಹಿಂತಿರುಗಿ, ಹುಡುಕಬೇಕು. ಸಲಾಲಾದಲ್ಲಿ ಒಂದು ಕಥೋಲಿಕ ದೇವಾಲಯವಿದೆ. ಹಳೆಯ ಗೋವಾದಲ್ಲಿ ನಾವು ದರ್ಶನ ಪಡೆಯುವ ಸಂತ ಫ್ರಾನ್ಸಿಸ್ ಝೇವಿಯರರ ಹೆಸರೇ ಅದಕ್ಕೂ ಇದೆ. ದಾರಿ ನಡೆದು ದಣಿದ ಕುಟುಂಬವು ಅಲ್ಲಿ ಒಟ್ಟಿಗೆ ಬಲಿಪೂಜೆಯಲ್ಲಿ ಭಾಗಿಯಾದರೆ ಕಳೆದುಹೋದವರು ಸಿಕ್ಕುವ ಸಂಭವ ಹೆಚ್ಚು. ಬಾಲಯೇಸುವೂ ಸಿಕ್ಕಿದ್ದು ದೇವಾಲಯದಲ್ಲಿಯೇ.

ಪ್ರಭು ಯೇಸು ಸ್ವತಃ ತಮ್ಮವರಿಗೆ ರಜೆ ಕೊಟ್ಟವರು. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ಊಟಕ್ಕೂ ಬಿಡುವಿಲ್ಲದೆ ದುಡಿದು ಬಂದ ಪ್ರೇಷಿತರನ್ನು ಅವರು ನಿರ್ಜನ ಪ್ರದೇಶಕ್ಕೆ ಬಂದು ಕೊಂಚ ದಣಿವಾರಿಸಿಕೊಳ್ಳಲು ಕರೆಯುತ್ತಾರೆ. ಎಲ್ಲರೂ ದೋಣಿಯಲ್ಲಿ ಹೊರಡುತ್ತಾರೆ. ಆದರೆ ದಡ ಮುಟ್ಟುವಷ್ಟರಲ್ಲಿ ಜನಸಮೂಹ ಅಲ್ಲಿ ಬಂದು ನಿಂತಿರುತ್ತದೆ. ಯೇಸು ಬೇಸರಗೊಳ್ಳುವುದಿಲ್ಲ; ಕುರಿಗಾಹಿಯಿಲ್ಲದ ಕುರಿಗಳಂತಿದ್ದ ಅವರನ್ನು ಕಂಡು ಮರುಗುತ್ತಾರೆ. ಇಲ್ಲಿ ಗಮನಿಸಬೇಕಾದ ಮಾತು ಎರಡು. ವಿಶ್ರಾಂತಿ ಬೇಡವೆಂದು ಅವರು ಹೇಳಲಿಲ್ಲ. ಶಿಷ್ಯರಿಗೆ ಅದು ಬೇಕೆಂದು ಮೊದಲು ಕಂಡವರು ಅವರೇ. ಆದರೆ ವಿಶ್ರಾಂತಿಯ ಸ್ಥಳಕ್ಕೆ ಹೋಗುವಾಗ ಕರುಣೆಯನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಕೆಲಸಕ್ಕೆ ರಜೆಯುಂಟು, ಕರುಣೆಗೆ ರಜೆಯಿಲ್ಲ.

ಪ್ರಿಯ ಓದುಗರೇ, ಮುಂದಿನ ಸೂಟಿಯಲ್ಲಿ ನಿಮ್ಮಲ್ಲಿ ಕೆಲವರು ಮಕ್ಕಳಿರುವ ದೇಶಕ್ಕೆ ಹೋಗುವಿರಿ. ಕೆಲವರು ಪಕ್ಕದ ಜಿಲ್ಲೆಯ ಒಂದು ಕೆರೆಯ ದಂಡೆಗೆ ಹೋಗಿಬರುವಿರಿ. ಸಂತೋಷದಿಂದ ಹೋಗಿಬನ್ನಿ. ದೇವರ ಸೃಷ್ಟಿಯನ್ನು ಕಣ್ತುಂಬ ನೋಡಿ, ವೃದ್ಧ ತಂದೆತಾಯಿಯರನ್ನು ಜೊತೆಗೆ ಕರೆದೊಯ್ಯಿರಿ. ಹೊರಡುವ ಮುನ್ನ, ಬಟ್ಟೆಬರೆಗಳ ಪಟ್ಟಿ ಮಾಡುವಾಗ, ಇನ್ನೊಂದು ಸಣ್ಣ ಪಟ್ಟಿಯನ್ನೂ ಮಾಡಿ: ನನ್ನ ಈ ರಜೆಯಿಂದ ಯಾರ ಕೆಲಸ ಹೆಚ್ಚಾಯಿತು? ಯಾರ ಪಗಾರ ಕಡಿಮೆಯಾಯಿತು? ಯಾರಿಗೆ ನಾನು ಒಂದು ದಿನದ ಬಿಡುವು ಕೊಡಬಲ್ಲೆ? ಮನೆಯ ಗೃಹಿಣಿಯಿಂದ ಆರಂಭಿಸಿ, ಕೆಲಸದ ತಾಯಿಯವರೆಗೆ, ಗೊತ್ತಿಲ್ಲದ ರಸ್ತೆಯಲ್ಲಿ ಸಿಗುವ ಗೊತ್ತಿಲ್ಲದ ಕೂಲಿಕಾರನವರೆಗೆ ಆ ಪಟ್ಟಿ ಬೆಳೆಯಲಿ. ಗುಳೆ ಹೋದ ನೆರೆಯವರ ಮನೆಯಲ್ಲಿ ಉಳಿದ ಮುದುಕರಿಗೆ, ಶಾಲೆ ಬಿಟ್ಟ ಮಕ್ಕಳಿಗೆ ಅದರಲ್ಲಿ ಒಂದು ಸಾಲು ಇರಲಿ. ಸಬ್ಬತ್ತಿನ ಪಟ್ಟಿಯಲ್ಲಿ ದೇವರು ಪರದೇಶಿಯನ್ನು ಬರೆದಿಟ್ಟಿದ್ದಾರೆ. ನಮ್ಮ ಪಟ್ಟಿಯಲ್ಲಿಯೂ ಅವನ ಹೆಸರಿಗೆ ಜಾಗವಿರಲಿ.